ಕ್ಷಮೆ ಕೇಳದ ದೇವರಿಗೆ ವಿನಯ ಕಲಿಸಿದ ಬಗೆ: ನನ್ನ ಅನುಭವ

ಸ್ವರ್ಗದಿಂದ ಬಿದ್ದ ದೇವರು ಕೊನೆಯ ಪುಟದವರೆಗೂ ಕ್ಷಮೆ ಕೇಳದಿದ್ದರೆ ಅವನ ಗರ್ವ ಇಳಿದದ್ದು ಓದುಗರಿಗೆ ತಿಳಿಯುವುದೇ ಇಲ್ಲ ಎಂದು ನನ್ನ ಕಾದಂಬರಿಯ ಕರಡು ಓದಿದ ಬಹುತೇಕ ಗೆಳೆಯರು ಹೇಳಿದ್ದರು. ಮುಂಗಡ ಕೊಟ್ಟಿದ್ದ ಪ್ರಕಾಶಕರು ಅದೇ ಕಾರಣಕ್ಕೆ ಹಸ್ತಪ್ರತಿಯನ್ನು ಹಿಂದಿರುಗಿಸಿದರು; ಮುಂಗಡವೂ ವಾಪಸು ಹೋಯಿತು. ಬೇರೆಡೆ ಅಚ್ಚಾದ ಆ ಕಾದಂಬರಿ ಈಗ ಎರಡನೆಯ ಮುದ್ರಣ ಕಂಡಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಆರಂಭದ ಕರಡುಗಳಲ್ಲಿ ನನ್ನ ಮಳೆದೇವರು ಕೆಸರಿಗೆ ಬೀಳುತ್ತಿದ್ದ, ಕತ್ತೆಯಿಂದ ಒದೆ ತಿನ್ನುತ್ತಿದ್ದ. ಮೂರನೆಯ ಒದೆತಕ್ಕೆ ನಗು ಬತ್ತಿ ಕನಿಕರ ಹುಟ್ಟಿತು. ಸುಮಾರು 15,000 ಪದಗಳು ಬುಟ್ಟಿಗೆ ಸೇರಿದವು. ದಾರಿ ತೋರಿಸಿದ್ದು ಹಳೆಯ ಕಥೆಗಳು. ಕೇನೋಪನಿಷತ್ತಿನಲ್ಲಿ ಯಕ್ಷನು ಅಗ್ನಿಯನ್ನು ಬೈಯುವುದಿಲ್ಲ, ಒಂದು ಹುಲ್ಲುಕಡ್ಡಿಯನ್ನು ಮುಂದಿಟ್ಟು ಸುಡು ಎನ್ನುತ್ತಾನೆ, ಅಷ್ಟೆ; ಅಗ್ನಿಗೆ ಅದನ್ನು ಸುಡಲಾಗುವುದಿಲ್ಲ. ಮಹಾಭಾರತದಲ್ಲಿ ಗರ್ವದಿಂದ ಶಾಪಕ್ಕೆ ಸಿಕ್ಕಿ ಹೆಬ್ಬಾವಾದ ಅರಸ ನಹುಷನಿಗೆ ಬಿಡುಗಡೆ ಸಿಗುವುದು ಧರ್ಮರಾಯನನ್ನು ಪ್ರಶ್ನೆ ಕೇಳಿ ಉತ್ತರ ಪಡೆದ ಮೇಲೆ. ಗ್ರೀಕ್ ಪುರಾಣದಲ್ಲಿ ಟ್ರಾಯ್ ನಗರದ ಗೋಡೆ ಕಟ್ಟಿದ ಸಮುದ್ರದೇವ ಪೊಸೈಡನ್‌ಗೆ ಅರಸ ಲಾವೊಮೆಡಾನ್ ಕೂಲಿಯನ್ನೇ ಕೊಡಲಿಲ್ಲ. ಚಿಕ್ಕ ಕೆಲಸ, ಒಂದು ಪ್ರಶ್ನೆ, ಬಾಕಿ ಕೂಲಿ: ನನಗೆ ಬೇಕಾದದ್ದೆಲ್ಲ ಇಷ್ಟರಲ್ಲಿತ್ತು.

ಹಾಗಾಗಿ ದೇವರನ್ನು ಸೋರುವ ದೋಣಿಯೊಂದರಲ್ಲಿ ನೀರು ಮೊಗೆಯುವ ಆಳಾಗಿ ಇರಿಸಿದೆ. ಅವನಲ್ಲಿ ಉಳಿದಿರುವ ಶಕ್ತಿ ಒಂದೇ: ಕೋಪ ಬಂದರೆ ಅವನ ತಲೆಯ ಮೇಲಷ್ಟೇ ಮಳೆ ಸುರಿಯುತ್ತದೆ. ಕೋಪಗೊಂಡಷ್ಟೂ ದೋಣಿ ತುಂಬುತ್ತದೆ, ಮೊಗೆಯುವ ಕೆಲಸ ಹೆಚ್ಚುತ್ತದೆ, ದೋಣಿಯ ಒಡತಿ ಕೂಲಿಯಲ್ಲಿ ಮುರಿದುಕೊಳ್ಳುತ್ತಾಳೆ. ಆಮೇಲೆ ಅವನಿಗೆ ಬುದ್ಧಿ ಹೇಳುವ ಪಾತ್ರವೇ ಬೇಕಾಗಲಿಲ್ಲ.

ಮಾತಿನ ಠೀವಿಯನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಮೊದಲ ಅಧ್ಯಾಯದಲ್ಲಿ, "ಎಲೈ ಮರ್ತ್ಯಳೇ, ಸಪ್ತಸಾಗರಗಳು ನಮ್ಮ ಹುಬ್ಬಿನ ಸನ್ನೆಗೆ ಕಾದಿದ್ದವು" ಎನ್ನುತ್ತಾನೆ. "ಬೋಗುಣಿಗೆ ಹುಬ್ಬು ಕಾಣಿಸದು, ಮೊಗಿ" ಎಂಬುದು ಅವಳ ಉತ್ತರ. ಒಂಬತ್ತನೆಯದರಲ್ಲಿ ಅದೇ ಗತ್ತಿನಲ್ಲಿ, "ಎಲೈ ಮರ್ತ್ಯಳೇ, ಬೋಗುಣಿಯನ್ನು ಎಷ್ಟು ಓರೆ ಮಾಡಿದರೆ ಹೆಚ್ಚು ನೀರು ಬರುವುದೆಂಬುದನ್ನು ನಮಗೆ ಅರುಹುವಂಥವಳಾಗು" ಎಂದು ಕೇಳುತ್ತಾನೆ. ಓದುಗರು ಹೆಚ್ಚಾಗಿ ನೆನೆಯುವುದು ಈ ಸಾಲನ್ನೇ, ಮತ್ತು ಅದರಲ್ಲಿ ಕ್ಷಮೆಯ ಸುಳಿವೂ ಇಲ್ಲ ಎಂಬುದನ್ನು ಗೆಳೆಯರಿಗೆ ಆಗಾಗ ನೆನಪಿಸುತ್ತಿರುತ್ತೇನೆ. ಎಂಟನೆಯ ಅಧ್ಯಾಯದಲ್ಲಿ ಇದಕ್ಕೆ ನೆಲ ಹದ ಮಾಡಿದ್ದು ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ, ನಿರೂಪಕನ ಮಾತಿಗೆ ದೇವರೇ ಅಡಿಟಿಪ್ಪಣಿಯಲ್ಲಿ ತಕರಾರು ತೆಗೆಯುವ ಪ್ರಯೋಗವನ್ನೂ ಮಾಡಿ ನೋಡಿದೆ. ಬರೆಯುವಾಗ ಬಹಳ ಖುಷಿ ಕೊಟ್ಟಿತು. ಪುಟ ಹೆಚ್ಚಿ ಮುದ್ರಣದ ವೆಚ್ಚ ಸರಿಸುಮಾರು ಕಾಲು ಭಾಗ ಏರುವ ಲೆಕ್ಕ ಬಂದಾಗ ಎರಡು ಮೂರನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದೆ. ಹಳಗನ್ನಡದ ಶಾಪಗಳನ್ನಂತೂ ಎಲ್ಲರೂ ಹಾರಿಸಿಕೊಂಡೇ ಓದಿದರು.

ಕಳೆದುಹೋದ ಶಕ್ತಿಯನ್ನು ಕೊನೆಗೆ ಬಹುಮಾನವಾಗಿ ಮರಳಿಸಿದರೆ ವಿನಯವು ವ್ಯಾಪಾರವಾಗುತ್ತದೆಂದು ನಾನು ಅದನ್ನು ಅವನ ಬಾಕಿ ಕೂಲಿಯ ಲೆಕ್ಕಕ್ಕೆ ಜೋಡಿಸಿದೆ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಎರಡನೆಯ ಭಾಗದ ಮುಂಗಡ ಅದರ ಮೇಲೆಯೇ ನಿಂತಿದೆ.