ಹುಲ್ಲು ಕಟ್ಟುವ ಸೀಸನ್‌ಗೆ ಟ್ರಾಕ್ಟರ್ ರೆಡಿನಾ?

ಭದ್ರಾ ನಾಲೆ ನೀರು ಹರಿಯುವ ಕಡೆಯೆಲ್ಲ ಈಗ ಭತ್ತದ ಕೊಯ್ಲು ಯಂತ್ರದ್ದೇ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆ ಹೋದರೆ ನೋಡಬಹುದು. ಕೊಯ್ಲಿನ ಯಂತ್ರ ಮುಂದಿನ ಗದ್ದೆಗೆ ದಾಟುತ್ತಿದ್ದ ಹಾಗೆ ಹಿಂದೆ ಹುಲ್ಲು ಸಾಲಾಗಿ ಬಿದ್ದಿರುತ್ತದೆ. ಅದನ್ನು ಆಯ್ದು ಪೆಂಡಿ ಕಟ್ಟಿ ಬಣವೆ ಒಟ್ಟಲು ಆಳು ಸಿಗುವುದಿಲ್ಲ. ಅದಕ್ಕೇ ಟ್ರಾಕ್ಟರ್ ಹಿಂದೆ ಕಟ್ಟಿಕೊಂಡು ಹುಲ್ಲನ್ನು ಆಯ್ದು ಪೆಂಡಿ ಕಟ್ಟುವ ಬೇಲರ್ ಯಂತ್ರಕ್ಕೆ ಇಷ್ಟು ಬೇಡಿಕೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ದನ, ಕುರಿ ಸಾಕುವವರಿಗೂ ಬೇಸಿಗೆಗೆ ಮೇವು ಬೇಕು. ನೀರಾವರಿ ಕಡೆಯ ಹುಲ್ಲು ಲಾರಿ ಹತ್ತಿ ಒಣಭೂಮಿ ಕಡೆ ಹೋಗುವುದು ಹೊಸದೇನಲ್ಲ.

ಸೀಸನ್ ಮಧ್ಯೆ ಕೆಲಸ ನಿಂತರೆ ಎಲ್ಲರೂ ಬೈಯುವುದು ಬೇಲರನ್ನು. ಆದರೆ ಬಹಳ ಸಲ ತಪ್ಪು ಮುಂದಿರುವ ಟ್ರಾಕ್ಟರ್‌ನದ್ದು. ಉಳುಮೆಗೆ ಚೆನ್ನಾಗಿರುವ ಗಾಡಿ ಹುಲ್ಲು ಕಟ್ಟಲೂ ಚೆನ್ನಾಗಿರುತ್ತದೆ ಅಂತ ಅಂದುಕೊಂಡುಬಿಡುತ್ತೇವೆ. ಉಳುವಾಗ ಶಕ್ತಿ ಹೋಗುವುದು ಟೈರಿಗೆ. ಹುಲ್ಲು ಕಟ್ಟುವಾಗ ಅದು ಹೋಗುವುದು ಪಿಟಿಓಗೆ, ಅಂದರೆ ಇಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ. ಗಾಡಿ ನಿಧಾನಕ್ಕೆ ತೆವಳುತ್ತದೆ, ಇಂಜಿನ್ ಮಾತ್ರ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಬೇಕು. ಅದೂ ಹೊಟ್ಟು, ದೂಳಿನ ಮಧ್ಯೆ. ಸಜ್ಜು ಮಾಡುವಾಗ ಈ ವ್ಯತ್ಯಾಸ ತಲೆಯಲ್ಲಿರಲಿ.

ಮುಂಗಾರು ಭತ್ತಕ್ಕೆ ನವೆಂಬರ್-ಡಿಸೆಂಬರ್, ಬೇಸಿಗೆ ಭತ್ತಕ್ಕೆ ಏಪ್ರಿಲ್-ಮೇ. ಕೊಯ್ಲಿಗೆ ಎರಡು ವಾರ ಇರುವಾಗಲೇ ಈ ಕೆಲಸ ಮುಗಿಸಿ. ಕೊಯ್ಲು ಶುರುವಾದ ಮೇಲೆ ಯಾವ ಮೆಕ್ಯಾನಿಕ್ಕೂ ಕೈಗೆ ಸಿಗುವುದಿಲ್ಲ.

ಮೊದಲು ಕೆಸರು ಬಿಡಿಸಿ

ನಮ್ಮ ಕಡೆಯ ಗದ್ದೆ ಟ್ರಾಕ್ಟರ್‌ಗಳು ನಾಟಿಗೆ ಮುಂಚೆ ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿಕೊಂಡು ಕೆಸರಲ್ಲಿ ಮುಳುಗಿ ಎದ್ದಿರುತ್ತವೆ. ಆ ಕೆಸರು ಒಣಗಿ ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ತೊಳೆಯಿರಿ. ಮುಂದಿನ ಚಕ್ರದ ಹಬ್ ಹತ್ತಿರ ಬಗ್ಗಿ ನೋಡಿ. ಭತ್ತದ ಬೇರು, ಹಳೆ ಹುರಿ, ಪ್ಲಾಸ್ಟಿಕ್ ಚೀಲದ ಎಳೆ ಸುತ್ತಿಕೊಂಡಿದ್ದರೆ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಅವೇ ಆಯಿಲ್ ಸೀಲ್ ಕೊರೆದು ತಿನ್ನುವುದು. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಜಾಸ್ತಿ ಇದ್ದರೆ ಬೇರಿಂಗ್ ನೋಡಿಸಬೇಕು.

ಆಮೇಲೆ ಹಿಂದಿನ ಹೌಸಿಂಗ್‌ನ ಆಯಿಲ್. ಕಡ್ಡಿ ಎಳೆದಾಗ ಎಣ್ಣೆ ಮಜ್ಜಿಗೆ ಥರ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಕೆಸರು ಕೆಲಸ ಮಾಡಿದ ಗಾಡಿಗಳಲ್ಲಿ ಇದು ಸಾಮಾನ್ಯ. ಪಿಟಿಓ ಗೇರು, ಹೈಡ್ರಾಲಿಕ್ ಲಿಫ್ಟು ಎರಡೂ ಅನೇಕ ಮಾಡೆಲ್‌ಗಳಲ್ಲಿ ಇದೇ ಎಣ್ಣೆ ನಂಬಿಕೊಂಡಿರುತ್ತವೆ. ಮೇಲೆ ಒಂದಿಷ್ಟು ಹೊಸ ಎಣ್ಣೆ ಸುರಿದು ಸುಮ್ಮನಾಗಬೇಡಿ. ಪೂರ್ತಿ ಇಳಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನದ್ದೇ ಹಾಕಿ, ನೀರು ಎಲ್ಲಿಂದ ಬಂತು ಅಂತ ಹುಡುಕಿ.

ಇಂಜಿನ್ ಆಯಿಲ್ ಬದಲಾವಣೆ ಬಹಳಷ್ಟು ಮಾಡೆಲ್‌ಗಳಲ್ಲಿ 250 ಗಂಟೆಗೆ ಬರುತ್ತದೆ. ಮೀಟರ್‌ನಲ್ಲಿ 200 ದಾಟಿದ್ದರೆ ಕಾಯಬೇಡಿ, ಸೀಸನ್‌ಗೆ ಮುಂಚೆಯೇ ಫಿಲ್ಟರ್ ಸಮೇತ ಬದಲಿಸಿ. ಡೀಸೆಲ್ ಫಿಲ್ಟರ್ ಕೆಳಗಿನ ನೀರಿನ ಬಟ್ಟಲೂ ಖಾಲಿ ಮಾಡಿ.

ರೇಡಿಯೇಟರ್ ಮತ್ತು ಗಾಳಿ

ಹುಲ್ಲು ಕಟ್ಟುವಾಗ ಗಾಡಿ ಕೈಕೊಡುವುದು ಹೆಚ್ಚಾಗಿ ಇಲ್ಲಿ. ಫ್ಯಾನು ಮುಂದಿನಿಂದ ಗಾಳಿ ಎಳೆಯುತ್ತದೆ, ಗಾಳಿ ಜೊತೆ ಹೊಟ್ಟೂ ಬರುತ್ತದೆ. ಅದು ರೇಡಿಯೇಟರ್ ಜಾಲರಿಗೆ ಒಂದು ಪದರ ಕಟ್ಟಿಕೊಂಡರೆ ಸಾಕು, ಅರ್ಧ ಗಂಟೆಯಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ಹೊತ್ತು ಬೇಡ.

ಮುಂದಿನ ಗ್ರಿಲ್‌ಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ. ಸುಲಭಕ್ಕೆ ಬಿಚ್ಚಿ ಕೊಡವುವ ಹಾಗಿರಬೇಕು. ಕೆಲವರು ಸೊಳ್ಳೆ ಪರದೆ ಕಟ್ಟುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಕಣ್ಣು ತೀರಾ ಚಿಕ್ಕದು, ಬೇಗ ಮುಚ್ಚಿಕೊಳ್ಳುತ್ತದೆ. ರೇಡಿಯೇಟರ್‌ಗೆ ಗಾಳಿ ಹೊಡೆಯುವಾಗ ಫ್ಯಾನಿನ ಕಡೆಯಿಂದ ಮುಂದಕ್ಕೆ ಹೊಡೆಯಿರಿ. ಮುಂದಿನಿಂದ ಹೊಡೆದರೆ ಹೊಟ್ಟು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಪ್ರೆಷರ್ ಜಾಸ್ತಿ ಇಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಫ್ಯಾನ್ ಬೆಲ್ಟ್‌ನ ಮಧ್ಯ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10-12 ಮಿಲಿಮೀಟರ್ ಬಗ್ಗಬೇಕು.

ಏರ್ ಕ್ಲೀನರ್ ಎರಡು ಥರ. ಎಣ್ಣೆಯಲ್ಲಿ ದೂಳು ಹಿಡಿಯುವ ಆಯಿಲ್ ಬಾತ್ ಇದ್ದರೆ ಸೀಸನ್‌ನಲ್ಲಿ ಪ್ರತಿದಿನ ಬಟ್ಟಲು ಬಿಚ್ಚಿ ನೋಡಬೇಕು. ತಳದಲ್ಲಿ ರಾಡಿ ಕೂತಿದ್ದರೆ ಎಣ್ಣೆ ಚೆಲ್ಲಿ ಹೊಸದನ್ನು ಗುರುತಿನ ಗೆರೆವರೆಗೆ ಹಾಕಿ. ಗೆರೆ ಮೀರಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಕಾಗದದ ಡ್ರೈ ಫಿಲ್ಟರ್ ಇದ್ದರೆ ಹೊರಗಿನದನ್ನು ಮಾತ್ರ ತೆಗೆದು ಒಳಗಿನಿಂದ ಹೊರಕ್ಕೆ ಕಡಿಮೆ ಪ್ರೆಷರ್‌ನಲ್ಲಿ ಗಾಳಿ ಹೊಡೆಯಿರಿ. ಟೈರಿಗೆ ಬಡಿದು ದೂಳು ಕೊಡವುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ ಅಲ್ವಾ? ಅದರಿಂದ ಕಾಗದ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಳಗೊಂದು ಬಲ್ಬು ಹಿಡಿದು ಹೊರಗಿನಿಂದ ನೋಡಿ. ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಆ ಫಿಲ್ಟರ್ ಬಿಸಾಡಿ.

ಪಿಟಿಓ ಮತ್ತು ಶಾಫ್ಟ್

ಎಷ್ಟು ಎಚ್‌ಪಿ ಬೇಕು ಅಂತ ಬಹಳ ಜನ ಕೇಳುತ್ತಾರೆ. ಉರುಳೆ ಕಟ್ಟುವ ಸಣ್ಣ ರೌಂಡ್ ಬೇಲರ್‌ಗೆ 35 ಎಚ್‌ಪಿ ಮೇಲಿನದು ಸಾಮಾನ್ಯವಾಗಿ ಸಾಕು. ಚೌಕ ಪೆಂಡಿ ಕಟ್ಟುವ ಸ್ಕ್ವೇರ್ ಬೇಲರ್‌ಗೆ 45-50 ಇದ್ದರೆ ಒಳ್ಳೆಯದು. ಆದರೆ ಎಚ್‌ಪಿಗಿಂತ ಮುಂಚೆ ಕ್ಲಚ್ ಯಾವುದು ಅಂತ ಕೇಳಬೇಕು. ಸಿಂಗಲ್ ಕ್ಲಚ್ ಗಾಡಿಯಲ್ಲಿ ಪೆಡಲ್ ಒತ್ತಿದರೆ ಬೇಲರೂ ನಿಲ್ಲುತ್ತದೆ. ಹುಲ್ಲಿನ ಸಾಲು ದಪ್ಪ ಬಂದಾಗ ಗಾಡಿ ನಿಲ್ಲಿಸಿ ಬೇಲರನ್ನು ಮಾತ್ರ ತಿರುಗಿಸಬೇಕಾಗುತ್ತದೆ, ಅದು ಆಗುವುದಿಲ್ಲ. ಡ್ಯುಯಲ್ ಕ್ಲಚ್‌ನಲ್ಲಿ ಪೆಡಲ್ ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಓ. ಹೊಸದಾಗಿ ಬೇಲರ್ ಕೆಲಸಕ್ಕೆಂದೇ ಟ್ರಾಕ್ಟರ್ ಕೊಳ್ಳುವವರು ಇದನ್ನು ಬಿಟ್ಟು ಬೇರೆ ಏನು ನೋಡಿದರೂ ಪ್ರಯೋಜನವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬೇಲರ್ ಓಡಬೇಕಾದ್ದು ನಿಮಿಷಕ್ಕೆ 540 ಸುತ್ತಿನಲ್ಲಿ. ಇಂಜಿನ್ ಎಷ್ಟು ಆರ್‌ಪಿಎಂನಲ್ಲಿದ್ದಾಗ ಪಿಟಿಓ 540 ಬರುತ್ತದೆ ಅನ್ನುವುದಕ್ಕೆ ಹೆಚ್ಚಿನ ಗಾಡಿಗಳ ಮೀಟರ್‌ನಲ್ಲೇ ಗುರುತು ಇರುತ್ತದೆ. ಕೈ ಆಕ್ಸಿಲರೇಟರ್ ಅಲ್ಲಿಗೆ ಇಟ್ಟು ಗೇರಿನಿಂದ ವೇಗ ಹೊಂದಿಸಿ. ಡೀಸೆಲ್ ಉಳಿಸಲು ಇಂಜಿನ್ ಇಳಿಸಿದರೆ ಉರುಳೆ ಸಡಿಲ ಬರುತ್ತದೆ, ಹುರಿ ಸಿಕ್ಕು ಹಾಕಿಕೊಳ್ಳುತ್ತದೆ.

ಇನ್ನು ಪಿಟಿಓವನ್ನು ಬೇಲರ್‌ಗೆ ಜೋಡಿಸುವ ಶಾಫ್ಟ್. ಹಳ್ಳಿಯಲ್ಲಿ ಒಬ್ಬರ ಬೇಲರ್ ಇನ್ನೊಬ್ಬರ ಟ್ರಾಕ್ಟರ್‌ಗೆ ಕಟ್ಟುವುದು ಮಾಮೂಲು. ಶಾಫ್ಟ್ ಉದ್ದ ಮಾತ್ರ ಯಾರೂ ಅಳೆಯುವುದಿಲ್ಲ. ಬೇಲರ್ ಕಟ್ಟಿ, ಇಂಜಿನ್ ಆಫ್ ಇರುವಾಗ ಹೀಗೆ ನೋಡಿ. ಶಾಫ್ಟ್ ಅತಿ ಹೆಚ್ಚು ಹಿಗ್ಗಿದಾಗ ಒಳಗಿನ ಕೊಳವೆಯ ಮೂರನೇ ಒಂದು ಭಾಗವಾದರೂ ಹೊರಗಿನದರ ಒಳಗೇ ಇರಬೇಕು. ಗಾಡಿ ಪೂರ್ತಿ ತಿರುಗಿ ಶಾಫ್ಟ್ ಅತಿ ಕುಗ್ಗಿದಾಗ ತುದಿಗೆ ಒಂದು ಇಂಚಾದರೂ ಜಾಗ ಉಳಿಯಬೇಕು. ಜಾಗ ಉಳಿಯದಿದ್ದರೆ ಶಾಫ್ಟ್ ಸೀದಾ ಹೋಗಿ ಪಿಟಿಓ ಬೇರಿಂಗನ್ನೇ ಒದೆಯುತ್ತದೆ. ಉದ್ದ ಜಾಸ್ತಿಯಾದರೆ ಒಳಗಿನದು, ಹೊರಗಿನದು, ಎರಡರ ಪ್ಲಾಸ್ಟಿಕ್ ಕವಚ ಎಲ್ಲದರಿಂದಲೂ ಒಂದೇ ಅಳತೆ ಕತ್ತರಿಸಬೇಕು. ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ಕತ್ತರಿಸುವುದಕ್ಕಿಂತ ಲೇತ್‌ಗೆ ಕೊಡುವುದು ವಾಸಿ. ಒಂದು ಕಾಲದಲ್ಲಿ ಲೇತ್ ಯಂತ್ರಗಳಿಗೇ ಹೆಸರಾಗಿದ್ದ ಹರಿಹರ ಹತ್ತಿರದಲ್ಲೇ ಇರುವಾಗ ಇದಕ್ಕೇನು ಬರ? ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ಗ್ರೀಸ್ ಹಚ್ಚಿ ಜೋಡಿಸಿ. ಎರಡೂ ತುದಿಯ ಕವೆಗಳು ಒಂದೇ ನೇರಕ್ಕೆ ಬರಬೇಕು. ಅಡ್ಡ ಕೂತರೆ ಇಡೀ ಗಾಡಿ ನಡುಗುತ್ತದೆ.

ಶಾಫ್ಟಿನ ಎರಡೂ ತುದಿಯ ಕೀಲುಗಳಾದ ಕ್ರಾಸ್‌ಗಳಿಗೆ ದಿನಕ್ಕೊಮ್ಮೆ ಗ್ರೀಸ್ ಗನ್ ಹಿಡಿಯಿರಿ. ನಿಪ್ಪಲ್ ಮೊದಲು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಗ್ರೀಸ್ ಜೊತೆ ಮರಳನ್ನೂ ತುರುಕಿದ ಹಾಗೆ. ಬದುವಿನ ಹತ್ತಿರ ಚೂಪಾಗಿ ತಿರುಗುವಾಗ ಕಟಕಟ ಸದ್ದು ಬಂದರೆ ಪಿಟಿಓ ಬಿಡಿಸಿ ತಿರುಗಿ, ಮತ್ತೆ ಹಾಕಿ.

ಶಿಯರ್ ಬೋಲ್ಟ್ ತುಂಡಾದರೆ ಬೇಸರ ಬೇಡ, ಭಾರ ಮಿತಿ ಮೀರಿದಾಗ ಗೇರು ಉಳಿಸಲು ತಾನೇ ತುಂಡಾಗಲಿಕ್ಕೆ ಅದು ಇರುವುದು. ಅದೇ ಅಳತೆ, ಅದೇ ಗ್ರೇಡಿನ ನಾಲ್ಕಾರು ಬೋಲ್ಟು ಟೂಲ್ ಬಾಕ್ಸ್‌ನಲ್ಲಿರಲಿ. "ಗಟ್ಟಿ ಬೋಲ್ಟ್ ಹಾಕಿಬಿಡಿ ಅಣ್ಣಾ, ಮತ್ತೆ ತುಂಡಾಗಲ್ಲ" ಅನ್ನುವವರು ಸಿಗುತ್ತಾರೆ. ನಿಜ, ಬೋಲ್ಟ್ ತುಂಡಾಗುವುದಿಲ್ಲ, ಗೇರ್‌ಬಾಕ್ಸ್ ಆಗುತ್ತದೆ. ಶಾಫ್ಟಿಗೆ ಸ್ಲಿಪ್ ಕ್ಲಚ್ (ಭಾರ ಮೀರಿದಾಗ ಜಾರುವ ಕ್ಲಚ್) ಇದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿದು ಪ್ಲೇಟುಗಳು ಅಂಟಿಕೊಂಡಿರುತ್ತವೆ. ಸ್ಪ್ರಿಂಗ್ ನಟ್ಟುಗಳನ್ನು ಸಡಿಲಿಸಿ, ಒಂದೆರಡು ಕ್ಷಣ ಜಾರಲು ಬಿಟ್ಟು, ಮೊದಲಿನ ಅಳತೆಗೇ ಬಿಗಿಮಾಡಿ.

540 ಸುತ್ತು ಎಂದರೆ ಸೆಕೆಂಡಿಗೆ 9. ಹೆಗಲ ಮೇಲಿನ ಟವೆಲಿನ ತುದಿಯೋ, ಹುಲ್ಲು ಆಯುವ ಹೆಂಗಸರ ಸೆರಗೋ ಸಿಕ್ಕಿದರೆ ಕೂಗಲೂ ಸಮಯ ಇರುವುದಿಲ್ಲ. ಶಾಫ್ಟಿನ ಮೇಲಿನ ಕವಚ ಒಡೆದಿದ್ದರೆ ಹೊಸದು ಹಾಕಿಸಿ, ಅದರ ಚೈನು ಗಾಡಿಗೆ ಸಿಕ್ಕಿಸಿ. ಪಂಚೆ ಬೇಡ, ಪ್ಯಾಂಟು ಹಾಕಿ. ಹುಲ್ಲು ಸಿಕ್ಕಿಕೊಂಡರೆ ಪಿಟಿಓ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಎಲ್ಲ ಪೂರ್ತಿ ನಿಂತ ಮೇಲೆ ಕೈ ಹಾಕಿ. ಇದರಲ್ಲಿ ರಿಯಾಯಿತಿ ಇಲ್ಲ.

ಹುಲ್ಲು ಒಣಗಿದೆಯಾ?

ಟ್ರಾಕ್ಟರ್ ಸಿದ್ಧವಾದರೂ ಹುಲ್ಲು ಸಿದ್ಧವಾಗಿರಬೇಕು. ತೇವ ನೂರಕ್ಕೆ 15ರ ಆಸುಪಾಸಿಗೆ ಇಳಿದಿರಲಿ. 20 ದಾಟಿದರೆ ಬೂಸಲು, ಒಳಗೆ ಕಾವು. ಮೀಟರ್ ಇಲ್ಲದಿದ್ದರೆ ಒಂದು ಒಣ ಗಾಜಿನ ಬಾಟಲಿಯಲ್ಲಿ ಸಣ್ಣಗೆ ಕತ್ತರಿಸಿದ ಹುಲ್ಲು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಒಂದೆರಡು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿದ್ದರೆ ಕಟ್ಟಬಹುದು. ಗಂಟು ಕಟ್ಟಿದರೆ ಇನ್ನೊಂದು ದಿನ ಬಿಸಿಲು ಬೇಕು. ನವೆಂಬರ್‌ನಲ್ಲಿ ಇಬ್ಬನಿ ಆರುವವರೆಗೂ ಬೇಲರ್ ಇಳಿಸಬೇಡಿ. ಮಳೆ ಬಿದ್ದು ನೆಲಕ್ಕೆ ಅಂಟಿದ ಸಾಲನ್ನು ರೇಕ್ (ಹುಲ್ಲು ಕೆದರುವ ಹಲ್ಲಿನ ಸಲಕರಣೆ) ಹಾಕಿ ಮಗುಚಿ. ರೇಕ್‌ನ ಹಲ್ಲು ನೆಲ ಕೆರೆಯಬಾರದು, ಕೆರೆದರೆ ಹುಲ್ಲಿನ ಜೊತೆ ಮಣ್ಣೂ ಬರುತ್ತದೆ, ದನ ಮೂಸಿ ಬಿಡುತ್ತವೆ.

ಹಸಿ ಇರುವಾಗ ಕಟ್ಟಿ ಒಟ್ಟಿದ ಬಣವೆ ಎರಡು ಮೂರು ವಾರದಲ್ಲಿ ತಾನಾಗಿಯೇ ಹೊತ್ತಿಕೊಂಡಿರುವುದುಂಟು. ಅನುಮಾನ ಇದ್ದರೆ ಕಬ್ಬಿಣದ ಸರಳು ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಪಾಯ. ತಕ್ಷಣ ಬಿಚ್ಚಲು ಹೋಗಬೇಡಿ, ಗಾಳಿ ತಗುಲಿದರೆ ಭಗ್ಗನೆ ಹೊತ್ತಬಹುದು. ಅಗ್ನಿಶಾಮಕದವರನ್ನು ಕರೆಸಿ.

ಟ್ರಾಕ್ಟರ್‌ನಿಂದಲೂ ಬೆಂಕಿ ಬರುತ್ತದೆ. ಸೈಲೆನ್ಸರ್‌ಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಹಾಕಿಸಿ. ಇಂಜಿನ್ ಸಂದಿಯಲ್ಲಿ ಸೇರಿದ ಹೊಟ್ಟನ್ನು ಊಟದ ಹೊತ್ತಿಗೊಮ್ಮೆ ತೆಗೆಯಿರಿ. ಬ್ಯಾಟರಿ ವೈರು ಸಿಪ್ಪೆ ಸುಲಿದಿದ್ದರೆ ಟೇಪ್ ಸುತ್ತಿ ಸುಮ್ಮನಾಗದೆ ಬದಲಿಸಿ. ಸೀಟಿನ ಪಕ್ಕ ಒಂದು ಬೆಂಕಿ ಆರಿಸುವ ಸಿಲಿಂಡರ್, ಎರಡು ಕ್ಯಾನ್ ನೀರು ಇರಲಿ.

ಪ್ಲಾಸ್ಟಿಕ್ ಹುರಿ ಬಳಸುವವರು ತಿನ್ನಿಸುವಾಗ ಒಂದೊಂದು ಎಳೆಯೂ ಎಣಿಸಿ ತೆಗೆಯಬೇಕು. ದನದ ಹೊಟ್ಟೆ ಸೇರಿದರೆ ಅದು ಕರಗುವುದಿಲ್ಲ. ಸೆಣಬಿನ ಹುರಿಯೇ ಲೇಸು. ಟ್ರೈಲರ್ ಲೋಡ್ ಮಾಡುವಾಗ ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ಹುಲ್ಲು ಮುಗಿದ ಮೇಲೆ ಬ್ಲೇಡು

ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಯಲ್ಲಿ ಹುಲ್ಲು ಕಟ್ಟಿದ ಅದೇ ಟ್ರಾಕ್ಟರ್ ಚಳಿಗಾಲದಲ್ಲಿ ಮುಂದೆ ಬ್ಲೇಡು ಹಾಕಿಕೊಂಡು ರಸ್ತೆಯ ಹಿಮ ತಳ್ಳುತ್ತದೆ. ನಮ್ಮಲ್ಲಿ ಆ ಬ್ಲೇಡಿಗೆ ಸಿಗುವ ಕೆಲಸ ಬೇರೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ಹೇರಿ ತಂದು ಹೊಲದಲ್ಲಿ ಹರಡುವುದು, ಕಣ ಸಮ ಮಾಡುವುದು. ಆದರೆ ಸಜ್ಜು ಮಾಡುವ ಲೆಕ್ಕ ಎರಡೂ ಕಡೆ ಒಂದೇ.

ಬ್ಲೇಡಿನ ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಹಿಂದಿನ ಟೈರು ಹಿಡಿತ ಕಳೆದುಕೊಂಡು ಸುತ್ತುತ್ತದೆ. ಹಾಗಾಗಿ ಹಿಂದೆ ತೂಕ ಬೇಕು. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿ, ಇಲ್ಲವೇ ಚಕ್ರಕ್ಕೆ ಕಬ್ಬಿಣದ ತೂಕ ಹಾಕಿ. ಬೇಲರ್ ಎಳೆಯುವಾಗ ಈ ನೀರು ಬೇಡ, ಹಸಿ ಗದ್ದೆಯಲ್ಲಿ ನೆಲ ಒತ್ತಿ ಗಟ್ಟಿಯಾಗುತ್ತದೆ. ಮುಂದಿನ ಟೈರಿನ ಗಾಳಿ ಪುಸ್ತಕದಲ್ಲಿ ಕೊಟ್ಟ ಮೇಲಿನ ಮಿತಿಗೆ ಇರಲಿ. ಹೈಡ್ರಾಲಿಕ್ ಪೈಪು ಬಿರುಕು ಬಿಟ್ಟಿದೆಯೇ ಅಂತ ಬೆರಳಿನಿಂದ ಸವರಿ ನೋಡಬೇಡಿ, ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ಚೂರು ಹಿಡಿದು ನೋಡಿ.

ಚಿತ್ರದುರ್ಗದ ಕಡೆ ಹೊಲದಲ್ಲಿ ಕಲ್ಲು ಜಾಸ್ತಿ. ತಡೆ ಸಿಕ್ಕರೆ ಹಿಂದಕ್ಕೆ ಮಡಚಿಕೊಳ್ಳುವ ಸ್ಪ್ರಿಂಗ್ ಇರುವ ಬ್ಲೇಡು ಹಿಮದ ನಾಡಿನವರದ್ದು. ಅದು ಇಲ್ಲದಿದ್ದರೆ ಮೊದಲ ಗೇರಿನಲ್ಲೇ ಹೋಗಿ, ಬ್ಲೇಡನ್ನು ತೀರಾ ಕೆಳಕ್ಕೆ ಒತ್ತಬೇಡಿ. ಕೆಳಗಿನ ಅಂಚಿನ ಪಟ್ಟಿ ಒಂದು ಬದಿ ಸವೆದರೆ ಬಹಳಷ್ಟು ಬ್ಲೇಡುಗಳಲ್ಲಿ ಅದನ್ನು ಬಿಚ್ಚಿ ತಿರುಗಿಸಿ ಹಾಕಬಹುದು. ಬೋಲ್ಟಿನ ತಲೆ ಸವೆಯುವ ಮುಂಚೆಯೇ ಹಾಗೆ ಮಾಡಿ, ಆಮೇಲೆ ಪಾನಾ ಹಿಡಿಯುವುದಿಲ್ಲ, ಗ್ಯಾಸ್ ಕಟ್ಟರ್ ತರಬೇಕಾಗುತ್ತದೆ.