ಹಳೆಯ ಕೋವಿಗೆ ಉದ್ದದ ತೋಟಾ ಹಾಕುವ ಮೊದಲು: ಚೇಂಬರ್ ಅಳೆಯುವ ಕ್ರಮ

ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಭಾಗವೇ ಚೇಂಬರ್. 65 ಮಿ.ಮೀ. ಚೇಂಬರಿನ ಕೋವಿಗೆ 70 ಮಿ.ಮೀ. ತೋಟಾ ಹಾಕಿದರೆ ಸಲೀಸಾಗಿ ಕೂರುತ್ತದೆ. ಕೋವಿ ಮುಚ್ಚುತ್ತದೆ, ಎಲ್ಲೂ ತಡೆಯುವುದಿಲ್ಲ. ಅಪಾಯ ಇರುವುದೇ ಇದರಲ್ಲಿ. ಡಬ್ಬಿಯ ಮೇಲೆ ಬರೆದ ಉದ್ದ ಹೊಡೆದ ಮೇಲಿನದು, ಅಂದರೆ ಬಾಯಿಯ ಮಡಿಕೆ ಪೂರ್ತಿ ಬಿಚ್ಚಿಕೊಂಡಾಗಿನದು. ಹೊಡೆಯದ 70 ಮಿ.ಮೀ. ತೋಟಾ ಮಡಚಿಕೊಂಡು ಸುಮಾರು 58ರಿಂದ 60 ಮಿ.ಮೀ. ಮಾತ್ರ ಇರುತ್ತದೆ. ಹಾಗಾಗಿ 'ತೋಟಾ ಹಿಡಿಯಿತು, ಆದ್ದರಿಂದ ಸರಿ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬೋರ್ ಎಂದರೆ ನಳಿಗೆಯ ಒಳಗಲದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. 12 ಬೋರಿನಲ್ಲಿ ಚೇಂಬರಿನ ಮುಂತುದಿಯ ಒಳವ್ಯಾಸ ಸುಮಾರು 20.3 ಮಿ.ಮೀ. ಅಲ್ಲಿಂದ ಒಂದು ಇಳಿಜಾರಿನಲ್ಲಿ ನಳಿಗೆ ಕಿರಿದಾಗುತ್ತ 18.5 ಮಿ.ಮೀ.ಗೆ ಬರುತ್ತದೆ. ಈ ಇಳಿಜಾರಿಗೆ ಕೋನ್ ಎನ್ನುತ್ತಾರೆ. ಚೇಂಬರ್ ಗಿಡ್ಡವಾಗಿದ್ದರೆ ಬಿಚ್ಚಿಕೊಂಡ ತೋಟಾದ ಬಾಯಿ 5 ಮಿ.ಮೀ.ನಷ್ಟು ಈ ಕೋನ್‌ನೊಳಗೆ ಚಾಚುತ್ತದೆ. ಚರೆ ಮತ್ತು ವಾಡ್ (ಮದ್ದು, ಚರೆಗಳ ನಡುವಿನ ಬಿರಡೆ) ಆ ಇಕ್ಕಟ್ಟಿನಲ್ಲೇ ನುಸುಳಬೇಕಾಗಿ ಒಳಗಿನ ಒತ್ತಡ ಏರುತ್ತದೆ. ಇಷ್ಟಾದರೂ ನಳಿಗೆ ಒಂದೇ ಈಡಿಗೆ ಒಡೆಯುವುದು ಅಪರೂಪ. ಹೆಗಲಿಗೆ ಹೊಡೆತ ಹೆಚ್ಚುತ್ತದೆ, ಜೋಡುನಳಿಗೆಯ ಕೀಲು ಸಡಿಲವಾಗುತ್ತ ಹೋಗುತ್ತದೆ. 'ಇಷ್ಟು ವರ್ಷ ಏನೂ ಆಗಿಲ್ಲ' ಎನ್ನುವವರ ಕೋವಿಯ ಕೀಲನ್ನು ಅಲ್ಲಾಡಿಸಿ ನೋಡಬೇಕು.

ಇನ್ನೊಂದು ವಿಷಯವೂ ಇದಕ್ಕೆ ಕೂಡಿಕೊಳ್ಳುತ್ತದೆ. 65 ಮಿ.ಮೀ. ತೋಟಾದಲ್ಲಿ ಸಾಮಾನ್ಯವಾಗಿ 28ರಿಂದ 30 ಗ್ರಾಂ ಚರೆ ಇರುತ್ತದೆ. 70 ಮಿ.ಮೀ.ನಲ್ಲಿ 32, 36 ಗ್ರಾಂ ಇರುವುದುಂಟು. ಹಳೆಯ ಕೋವಿಗೆ ಉದ್ದದ ಜೊತೆಗೆ ಈ ಭಾರವೂ ಹೊರೆ.

ಮೊದಲು ನಳಿಗೆಯ ಮೇಲಿನ ಗುರುತು ಓದಿ. ಜೋಡುನಳಿಗೆಯಾದರೆ ನಳಿಗೆಯ ಕೆಳಗಿನ ಮರದ ಹಿಡಿ (ಮುಂಗೈ) ತೆಗೆದು, ನಳಿಗೆ ಬಿಡಿಸಿ, ಅದರ ಅಡಿಭಾಗ ನೋಡಿ. ಯುರೋಪಿನ ಕೋವಿಗಳಲ್ಲಿ 12/65 ಅಥವಾ 12/70 ಎಂದು ನೇರವಾಗಿ ಇರುತ್ತದೆ. ಬ್ರಿಟಿಷ್ ಕೋವಿಯಲ್ಲಿ 2½ ಇಂಚು ಎಂದಿದ್ದರೆ 65, 2¾ ಎಂದಿದ್ದರೆ 70, 3 ಎಂದಿದ್ದರೆ 76 ಮಿ.ಮೀ. ಇನ್ನೂ ಹಳೆಯವುಗಳಲ್ಲಿ ವಜ್ರಾಕೃತಿಯೊಳಗೆ 12 ಮತ್ತು 'ಸಿ' ಅಕ್ಷರ ಮಾತ್ರ ಕಾಣುತ್ತದೆ. ಅದರ ಅರ್ಥ ಚೇಂಬರ್ 3 ಇಂಚಿಗಿಂತ ಕಡಿಮೆ ಎಂದಷ್ಟೇ. 65ನೋ 70ನೋ ಎಂಬುದು ತಿಳಿಯುವುದಿಲ್ಲ. ಹಳೆಯ ಅಮೆರಿಕನ್ ಕೋವಿಗಳಲ್ಲಿ ಎಷ್ಟೋ ಸಲ ಗುರುತೇ ಇಲ್ಲ. ಗುರುತು ಇದ್ದರೂ, ನಡುವೆ ಯಾರಾದರೂ ಚೇಂಬರ್ ಕೊರೆಸಿರಬಹುದಾದ್ದರಿಂದ ಅಳೆಯದೆ ನಂಬಬೇಡಿ.

12 ಬೋರಿನ ಚೇಂಬರ್ ಅಳೆಯಲು 1.5 ಮಿ.ಮೀ. ದಪ್ಪದ ಹಿತ್ತಾಳೆ ತಗಡು ಸಾಕು. ಉಕ್ಕು ಬೇಡ, ಒಳಗೆ ಗೀರು ಬೀಳುತ್ತದೆ. ತಗಡನ್ನು 20.2 ಮಿ.ಮೀ. ಅಗಲ, 100 ಮಿ.ಮೀ. ಉದ್ದಕ್ಕೆ ಕತ್ತರಿಸಿ. ತುದಿ ನೇರವಾಗಿ, ಮೂಲೆಗಳು ಚೌಕವಾಗಿ ಇರಲಿ. ಉಜ್ಜಿ ದುಂಡಗೆ ಮಾಡಿದರೆ ತಗಡು ಕೋನ್‌ನೊಳಗೆ ನುಗ್ಗಿ, ಚೇಂಬರ್ ಇರುವುದಕ್ಕಿಂತ ಉದ್ದ ತೋರಿಸುತ್ತದೆ. ತುದಿಯಿಂದ 63.5, 65, 70, 76 ಮಿ.ಮೀ.ಗಳಲ್ಲಿ ಗೆರೆ ಕೊರೆಯಿರಿ. ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ನೋಡಬೇಕು, ಸ್ಕೇಲ್ ಸಾಲದು.

ಕೋವಿಯಲ್ಲಿ ಈಡು ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಪಂಪ್ ಕೋವಿಯಾದರೆ (ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಏರಿಸುವಂಥದ್ದು) ತೋಟಾ ತುಂಬಿಡುವ ಮ್ಯಾಗಜಿನ್ ಕೊಳವೆಯೂ ಖಾಲಿಯಿರಬೇಕು. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಚೇಂಬರನ್ನು ಬ್ರಷ್ ಮತ್ತು ಎಣ್ಣೆಯಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ತಗಡನ್ನು ಒತ್ತಡ ಹಾಕದೆ ಒಳಗೆ ಜಾರಿಸಿ. ಅದು ತಾನಾಗಿ ನಿಂತಲ್ಲಿ, ತೋಟಾದ ತಳ ಕೂರುವ ಮಟ್ಟಕ್ಕೆ ಯಾವ ಗೆರೆ ಬಂತು ನೋಡಿ. ಜೋಡುನಳಿಗೆಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ.

ತಪ್ಪಾಗುವುದು ಹೆಚ್ಚಾಗಿ ಅಗಲದಲ್ಲಿ. ಚೇಂಬರಿನ ಗೋಡೆ ನೆಟ್ಟಗಿಲ್ಲ. ಹಿಂದಿನಿಂದ ಮುಂದಕ್ಕೆ ಸುಮಾರು 0.35 ಮಿ.ಮೀ. ಕಿರಿದಾಗುತ್ತದೆ. ತಗಡು ಮುಂತುದಿಯ ಒಳವ್ಯಾಸಕ್ಕಿಂತ 0.1 ಮಿ.ಮೀ. ಹೆಚ್ಚಾದರೂ ಅದು 18 ಮಿ.ಮೀ.ನಷ್ಟು ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಅಳತೆ 45, 50 ಎಂದು ಬಂದರೆ ಚೇಂಬರ್ ಅಷ್ಟು ಗಿಡ್ಡ ಎಂದಲ್ಲ: ತಗಡು ಅಗಲವಾಗಿದೆ, ಇಲ್ಲವೇ ಒಳಗೆ ಸೀಸ, ಪ್ಲಾಸ್ಟಿಕ್ ಅಂಟಿದೆ. 65 ಮತ್ತು 70ರ ನಡುವೆ ನಿಂತರೆ ಅದನ್ನು 65 ಎಂದೇ ಹಿಡಿಯಿರಿ.

ಪಂಪ್ ಕೋವಿಗಳ ಮಾತು ಬೇರೆ. ಅಮೆರಿಕದ ಹಳೆಯ ಪಂಪ್ ಕೋವಿ ವಿಂಚೆಸ್ಟರ್ ಮಾಡೆಲ್ 12 ಮೊದಲು ಬಂದಾಗ 20 ಬೋರಿನದಕ್ಕೆ 2½ ಇಂಚಿನ, 16 ಬೋರಿನದಕ್ಕೆ 2 9/16 ಇಂಚಿನ ಚೇಂಬರ್ ಇತ್ತು. ಇಂದಿನ ತೋಟಾಗಳು 2¾ ಇಂಚಿನವು. ಅಮೆರಿಕದಲ್ಲಿ ಇಂಥವನ್ನು ಬದಲಿಸಿಕೊಂಡವರು ಬಹಳ. ಆದರೆ ಚೇಂಬರ್ ಒಂದನ್ನೇ ಕೊರೆಸಿದರೆ ಕೆಲಸ ಮುಗಿಯುವುದಿಲ್ಲ. ಮಡಚಿದ ತೋಟಾ ಒಳಗೆ ಹೋಗುತ್ತದೆ. ಹೊಡೆದು ಉದ್ದವಾದ ಖಾಲಿ ಚಿಪ್ಪು ಪಕ್ಕದ ಕಿಂಡಿಯಿಂದ ಹೊರಬರದೆ ಸಿಕ್ಕಿಕೊಳ್ಳುತ್ತದೆ. ಕಿಂಡಿಯನ್ನೂ, ಚಿಪ್ಪನ್ನು ಹೊರಗೆ ತಳ್ಳುವ ಎಜೆಕ್ಟರನ್ನೂ ಹೊಂದಿಸಬೇಕು. ಅದು ಅನುಭವಿ ಗನ್‌ಸ್ಮಿತ್‌ನ ಕೆಲಸ, ಮನೆಯ ಡ್ರಿಲ್‌ನದಲ್ಲ. ಕೊರೆಯುವಾಗ ಲೋಹ ಹೋಗುವುದು ನಳಿಗೆಯ ಗೋಡೆ ತೆಳ್ಳಗಾಗುತ್ತ ಬರುವ ಜಾಗದಲ್ಲೇ. ಬ್ರಿಟನ್ನಿನಲ್ಲಿ ಚೇಂಬರ್ ಉದ್ದ ಮಾಡಿದ ಕೋವಿಯನ್ನು ಮಾರಬೇಕಾದರೆ ಮತ್ತೆ ಪ್ರೂಫ್ ಪರೀಕ್ಷೆ (ಹೆಚ್ಚಿನ ಒತ್ತಡದ ಈಡು ಹೊಡೆದು ನಳಿಗೆ ತಾಳುತ್ತದೆಯೇ ಎಂದು ನೋಡುವುದು) ಮಾಡಿಸಲೇಬೇಕು.

ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಆಯುಧವನ್ನು ಮಾರ್ಪಡಿಸಲೂ ದುರಸ್ತಿ ಮಾಡಲೂ ಪರವಾನಗಿ ಬೇಕು. ಕೊಡಗಿನ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಕೋವಿಗಳಿವೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು; ಚೇಂಬರ್ ಕೊರೆಯುವುದಕ್ಕೆ ಅದು ಅನುಮತಿಯಲ್ಲ.

ನಮ್ಮ ಸಲಹೆ ಸರಳ: ಕೋವಿಯನ್ನು ತೋಟಾಕ್ಕೆ ತಕ್ಕಂತೆ ಬದಲಿಸಬೇಡಿ, ಕೋವಿಗೆ ತಕ್ಕ ತೋಟಾ ತನ್ನಿ. 65 ಮಿ.ಮೀ. ತೋಟಾ ಕೇಳಿ ತರಿಸಿಕೊಳ್ಳಬಹುದು. ಕೆಲವು ವಿದೇಶಿ ತಯಾರಕರ 67 ಮಿ.ಮೀ. ತೋಟಾ 65ರ ಚೇಂಬರಿಗೂ ಆಗುತ್ತದೆ, ಡಬ್ಬಿಯ ಮೇಲೆ ಹಾಗೆಂದು ಬರೆದಿದ್ದರೆ ಮಾತ್ರ. 20 ಬೋರಿನ ತೋಟಾಗಳನ್ನು 12ರ ಜೊತೆ ಒಂದೇ ಚೀಲದಲ್ಲಿ ಎಂದೂ ಇಡಬೇಡಿ. 20ರದು ತಪ್ಪಿ 12ರ ಕೋವಿಗೆ ಹೋದರೆ ಚೇಂಬರ್ ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ; ಹಿಂದೆ 12ರದು ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ.

ಇಷ್ಟು ದಿನ ಯಾವ ತೋಟಾ ಬಳಸಿದ್ದು ಎಂಬ ಅನುಮಾನವಿದ್ದರೆ ಹಳೆಯ ಖಾಲಿ ಚಿಪ್ಪುಗಳನ್ನು ಹುಡುಕಿ ಬಾಯಿಯ ಅಂಚು ನೋಡಿ. ಅಂಚು ಹರಿದು ಎಳೆಎಳೆಯಾಗಿದ್ದರೆ, ತೆಳ್ಳಗೆ ಎಳೆದಂತಿದ್ದರೆ ಅದು ಕೋನ್‌ನೊಳಗೆ ಬಿಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಅಂಥ ಕೋವಿಯನ್ನು ಮತ್ತೆ ಬಳಸುವ ಮೊದಲು ಪರವಾನಗಿ ಇರುವ ದುರಸ್ತಿಗಾರರಿಗೆ ತೋರಿಸಿ, ನಳಿಗೆಯ ಉಬ್ಬು, ಒಳಗಿನ ತುಕ್ಕುಗುಳಿ, ಕೀಲಿನ ಸಡಿಲ ಮೂರನ್ನೂ ನೋಡಿಸಿ.