ಮೇ ತಿಂಗಳ ಕೂಸಿಗೆ ಕೊಪ್ಪಳದ ಮನೆ

ನಮ್ಮ ಕಡೆ ಚೊಚ್ಚಲ ಹೆರಿಗೆ ಅಂದರೆ ತವರುಮನೆ. ಕುಬುಸ ಮಾಡಿ, ಉಡಿ ತುಂಬಿ ಕಳಿಸಿದರೆ ಮುಂದಿನದೆಲ್ಲ ತವರಿನವರ ಪಾಲು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಹೆಂಡತಿಯ ತವರು ಯಲಬುರ್ಗಾ ತಾಲ್ಲೂಕಿನ ಒಳಗಿನ ಹಳ್ಳಿ. ಆಕೆಗೆ ರಕ್ತ ಕಡಿಮೆ, ಬಿಪಿ ಕೂಡ ಏರುಪೇರು. ಜಿಲ್ಲಾಸ್ಪತ್ರೆ ಹತ್ತಿರವೇ ಇರಲಿ ಎಂದು ಡಾಕ್ಟರ್ ಹೇಳಿದರು. ಅತ್ತೆಯೇ ಇಲ್ಲಿಗೆ ಬಂದು ಬಾಣಂತನ ಮಾಡುವುದು ಅಂತ ಎರಡೂ ಮನೆಯವರು ಕೂತು ಮಾತಾಡಿಕೊಂಡೆವು. ಹೀಗಾಗಿ ಭಾಗ್ಯನಗರದ ನಮ್ಮ ಎರಡು ಕೋಣೆಯ ಮನೆಯನ್ನು ಕೂಸಿಗೆ ಸಜ್ಜು ಮಾಡುವ ಕೆಲಸ ನನ್ನದಾಯಿತು.

ನಾನು ಗಿಣಿಗೇರಾ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟ್ ಕೆಲಸ. ರಾತ್ರಿ ಪಾಳಿ ಇದ್ದ ವಾರ ಹಗಲು ಮನೆಯಲ್ಲಿರುತ್ತೇನೆ. ನಿದ್ದೆ ಮುಗಿಸಿ ಎದ್ದ ಮೇಲೆ ಸಿಗುವ ನಾಲ್ಕೈದು ತಾಸಿನಲ್ಲೇ ಈ ಕೆಲಸವೆಲ್ಲ ನಡೆದದ್ದು.

ಗೆಳೆಯರು ಫೋನಿಗೆ ಉದ್ದುದ್ದ ಪಟ್ಟಿ ಕಳಿಸಿದರು. ಕೂಸಿಗೆ ಮಂಚ, ಬಾಟಲಿ, ಪೌಡರ್, ಆಟಿಕೆ. ಓದಿ ಪಕ್ಕಕ್ಕಿಟ್ಟೆ. ದಿನ ತುಂಬುವುದು ಮೇ ತಿಂಗಳಲ್ಲಿ. ಆಗ ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇಲ್ಲಿ ಹುಟ್ಟುವ ಕೂಸಿಗೆ ಮೊದಲು ಎದುರಾಗುವುದು ಈ ಬಿಸಿಲು, ಆಮೇಲೆ ಧೂಳು. ಅದಕ್ಕೆ ಮೊದಲು ಮನೆ, ಸಾಮಾನು ಆಮೇಲೆ ಅಂತ ಗಟ್ಟಿ ಮಾಡಿಕೊಂಡೆ.

ನಮ್ಮದು ಆರ್‌ಸಿಸಿ ಮನೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಕೆಳಗೆ ಬರುತ್ತದೆ. ಎಸಿ ಸದ್ಯಕ್ಕೆ ಕೈಗೆಟುಕದು. ಮಾಳಿಗೆಗೆ ಸುಣ್ಣ ಬಳಿಯೋಣ ಅಂತ ಫೆಬ್ರುವರಿಯಲ್ಲೇ ಶುರು ಮಾಡಿದೆ. ಪ್ಯಾಕೆಟ್ ಪುಡಿ ಬಿಟ್ಟು ಸುಣ್ಣದ ಕಲ್ಲನ್ನೇ ತಂದೆ. ಕಬ್ಬಿಣದ ಡ್ರಮ್ಮಿನಲ್ಲಿ ಕಲ್ಲು ಹಾಕಿ ನೀರು ಸುರಿದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೂ ಅಪಾಯ. ಕಾರ್ಖಾನೆಯ ಕನ್ನಡಕ, ಗ್ಲೌಸ್ ಹಾಕಿಕೊಂಡೇ ಮಾಡಿದೆ, ಹೆಂಡತಿಗೆ ಮಾಳಿಗೆ ಹತ್ತಬೇಡ ಅಂದೆ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದೆ.

ಬಳಿಯುವ ಮೊದಲು ಮಾಳಿಗೆ ತೊಳೆಯಲೇಬೇಕು. ನಮ್ಮ ಮಾಳಿಗೆಯಿಂದ ಹರಿದ ನೀರು ಕಾಡಿಗೆಯಂತೆ ಕಪ್ಪಗಿತ್ತು. ಆ ಧೂಳಿನ ಮೇಲೇ ಬಳಿದರೆ ಸುಣ್ಣ ಹಿಡಿಯುವುದಿಲ್ಲ. ಹೊತ್ತು ಏರಿದ ಮೇಲೂ ಬಳಿಯಬಾರದು. ಬಿಸಿ ಸ್ಲ್ಯಾಬಿನ ಮೇಲೆ ಸುಣ್ಣ ತಕ್ಷಣ ಒಣಗಿ ಪುಡಿಪುಡಿಯಾಗಿ ಏಳುತ್ತದೆ. ನಸುಕಿನಲ್ಲಿ ಎದ್ದು ಒಂದು ಕೋಟು ಅಡ್ಡ, ಮರುದಿನ ಇನ್ನೊಂದು ಉದ್ದ, ಅದರ ಮೇಲೆ ಮತ್ತೊಂದು ಅಂತ ಹೊಡೆದೆ. ಕೋಣೆಯೊಳಗೆ ಕೂಸು ಮಲಗುವ ಎತ್ತರದಲ್ಲಿ ಒಂದು ಸಣ್ಣ ಥರ್ಮಾಮೀಟರ್ ನೇತುಹಾಕಿದ್ದೆ. ಮಧ್ಯಾಹ್ನದ ಲೆಕ್ಕ ನೋಡಿದರೆ ಮೂರು ಡಿಗ್ರಿಯಷ್ಟು ವ್ಯತ್ಯಾಸ ಕಾಣಿಸಿತು. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ. ಬಾಡಿಗೆ ಮನೆಯವರೂ ಮಾಡಿಕೊಳ್ಳಬಹುದು, ಮಾಲೀಕರು ಬೇಡ ಅನ್ನಲಾರರು.

ಆಮೇಲೆ ಕೋಣೆ ಬದಲಿಸಿದೆವು. ನಾವು ಮಲಗುತ್ತಿದ್ದ ಕೋಣೆಯ ಗೋಡೆ ಪಡುವಣಕ್ಕಿದೆ, ಸಂಜೆ ಬಿಸಿಲೆಲ್ಲ ಅದಕ್ಕೇ. ಮೂಡಣ ದಿಕ್ಕಿನ ಕೋಣೆಯಲ್ಲಿ ಅವ್ವ ಮಲಗುತ್ತಿದ್ದಳು. ಅವಳೇ ಬಿಟ್ಟುಕೊಟ್ಟಳು. ಕೂಲರನ್ನು ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿ ಇಟ್ಟೆ. ಗಾಳಿ ಎದುರು ಗೋಡೆಗೆ ಬಡಿದು ಬರುವಂತೆ ತಿರುಗಿಸಿದ್ದೇನೆ, ನೇರ ಕೂಸಿನ ಮೇಲೆ ಬೀಳಬಾರದು. ಕರೆಂಟ್ ಹೋದಾಗ ಫ್ಯಾನಿಗೆ, ಒಂದು ದೀಪಕ್ಕೆ ಸಾಕಾಗುವಷ್ಟು ಇನ್ವರ್ಟರ್ ಇದೆ. ಅದರ ಬ್ಯಾಟರಿಯನ್ನು ಕೋಣೆಯಿಂದ ತೆಗೆದು ಪಡಸಾಲೆಗೆ ಹಾಕಿದೆ.

ಇಷ್ಟೆಲ್ಲ ತಂಪು ಮಾಡಿದ ಮೇಲೆ ದೊಡ್ಡ ಮಾತು ಬಂದದ್ದು ಕೆಂಡದ್ದು. ನಮ್ಮಲ್ಲಿ ಬಾಣಂತಿ ಕೋಣೆ ಅಂದರೆ ಕಿಟಕಿ ಮುಚ್ಚಿರಬೇಕು, ಹೊರಸಿನ ಕೆಳಗೆ ಕೆಂಡ ಇರಬೇಕು, ಲೋಬಾನದ ಹೊಗೆ ಆಡಬೇಕು. ಅವ್ವನಿಗೆ ಅದರಲ್ಲಿ ಪೂರ್ತಿ ನಂಬಿಕೆ. "ನಿನ್ನ ಹಡೆದಾಗ ಕೆಂಡದ ಕಾವಿನಾಗ ಮಲಗೀನಿ. ಅದಕ್ಕ ಈಗೂ ನನ್ನ ಬೆನ್ನು ಗಟ್ಟಿ ಐತಿ" ಅಂದಳು. ಅವಳ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ನಾನು ಹುಟ್ಟಿದ್ದು ಚಳಿಗಾಲದಲ್ಲಿ, ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ಬೆಳಕಿಂಡಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ಸಿಮೆಂಟಿನ ಮನೆಯಲ್ಲಿ, ಮೇ ತಿಂಗಳಲ್ಲಿ, ಅದೇ ಕೆಂಡ ಬೇರೆಯೇ ಆಗುತ್ತದೆ.

ನಾನು ಹೇಳಿದರೆ ಮಗ ಹೆಂಡತಿ ಪರ ಅಂದುಕೊಳ್ಳುತ್ತಾಳೆ. ಅದಕ್ಕೆ ನಮ್ಮ ಓಣಿಯ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನನ್ನು ಚಹಾಕ್ಕೆ ಕರೆದೆ. ಅವರು ಅವ್ವನ ಪಕ್ಕ ನೆಲದ ಮೇಲೇ ಕೂತು ಮಾತಾಡಿದರು. "ಅವ್ವಾರ, ಮುಚ್ಚಿದ ಕ್ವಾಣ್ಯಾಗ ಕೆಂಡ ಇಟ್ರ ವಿಷದ ಗಾಳಿ ಹುಟ್ಟತೈತಿ. ವಾಸನಿ ಬರಂಗಿಲ್ಲ, ಕಣ್ಣಿಗೆ ಕಾಣಂಗಿಲ್ಲ. ದೊಡ್ಡವರಿಗೆ ತಲಿ ಸುತ್ತತೈತಿ, ಕೂಸು ಏನ್ ಮಾಡೀತು?" ಹುಟ್ಟಿದ ಕೂಸಿಗೆ ನಮ್ಮ ಹಾಗೆ ಬೆವತು ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಸೆಕೆಗೇ ಜ್ವರ ಬಂದಂತೆ ಮೈ ಸುಡುತ್ತದೆ, ಹಾಲು ಕುಡಿಯದೆ ಸುಸ್ತಾಗುತ್ತದೆ ಅಂತಲೂ ಬಿಡಿಸಿ ಹೇಳಿದರು. ನವಜಾತ ಶಿಶುವಿನ ಕೋಣೆ 25ರಿಂದ 28 ಡಿಗ್ರಿ ಇರಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ತಂಪು ಬೇಸಿಗೆಯಲ್ಲಿ ಆಗದು. ಆಗದಿರುವಾಗ ಕೆಂಡ ಬೇರೆ ಯಾಕೆ ಅನ್ನುವುದು ಅವ್ವನಿಗೂ ಸರಿ ಕಂಡಿತು.

ಕೊನೆಗೆ ಹೀಗೆ ಒಪ್ಪಿಕೊಂಡೆವು. ಬಾಣಂತಿಗೆ ಹಂಡೆಯ ಬಿಸಿನೀರಿನ ಸ್ನಾನ ಇರುತ್ತದೆ, ಬೆನ್ನಿಗೆ ಬಿಸಿನೀರಿನ ಚೀಲದ ಕಾವು ಇರುತ್ತದೆ, ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ ಅವ್ವ ಹೇಳಿದಂತೆ. ಲೋಬಾನ ಬೇಕಾದರೆ ಹಿತ್ತಲಲ್ಲಿ. ಕೂಸಿರುವ ಕೋಣೆಯೊಳಗೆ ಕೆಂಡ, ಹೊಗೆ, ಸೊಳ್ಳೆ ಬತ್ತಿ ಯಾವುದೂ ಇಲ್ಲ. ಸೊಳ್ಳೆಗೆ ಪರದೆ. ಬಿಸಿಲು ಅಂತ ಕೂಸಿಗೆ ನೀರು ಕುಡಿಸುವಂತಿಲ್ಲ, ಆರು ತಿಂಗಳು ತಾಯಿ ಹಾಲು ಮಾತ್ರ, ಸೆಕೆ ಜಾಸ್ತಿ ಇದ್ದರೆ ಹೆಚ್ಚು ಸಲ ಹಾಲು ಕೊಡುವುದು ಅಷ್ಟೇ. ಜೇನು, ಸಕ್ಕರೆ ನೀರು ಮುಟ್ಟಿಸುವ ಪದ್ಧತಿಯನ್ನೂ ಅವ್ವ ಬಿಟ್ಟಳು. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣು ಹಾಲೇ ಕೊಡಬೇಕು ಅನ್ನುವುದನ್ನು ಈಗ ಪಕ್ಕದ ಮನೆಯವರಿಗೂ ಅವಳೇ ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ತೂಗಿ ನೋಡುತ್ತಾರೆ. ಹೊಸ ಅಪ್ಪಂದಿರಿಗೆ ನಾನು ಹೇಳುವುದು ಇಷ್ಟೇ. ಹಿರಿಯರ ಜೊತೆ ಈ ಮಾತನ್ನು ಮೊದಲೇ ಆಡಿ ಮುಗಿಸಿ. ಕೂಸು ತೊಡೆಯ ಮೇಲಿದ್ದಾಗ ವಾದ ಶುರುವಾದರೆ ಬಾಣಂತಿಗೆ ನೋವಾಗುತ್ತದೆ.

ಧೂಳಿನ ವಿಷಯದಲ್ಲಿ ಮನೆಗಿಂತ ನಾನೇ ಬದಲಾಗಬೇಕಿತ್ತು. ಪಾಳಿ ಮುಗಿಸಿ ಬಂದ ಮೈಮೇಲೆ ಕಬ್ಬಿಣದ ಧೂಳು ಇರುತ್ತದೆ. ಈಗ ಬೂಟು, ಹೆಲ್ಮೆಟ್, ಬ್ಯಾಗು ಬಾಗಿಲ ಹೊರಗಿನ ಕಪಾಟಿನಲ್ಲಿ. ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತೇನೆ. ಕೆಲಸದ ಬಟ್ಟೆಗೆ ಮುಚ್ಚಳವಿರುವ ಬೇರೆ ಬಕೆಟ್. ಅದನ್ನು ಹೆಂಡತಿ ಕೊಡವುವುದು ಬೇಡ ಅಂತ ನಾನೇ ಒಗೆಯುತ್ತೇನೆ. ಮರೆತುಹೋಗುವ ಸಾಮಾನು ಮೊಬೈಲ್. ಅದರ ರಬ್ಬರ್ ಕವರ್ ತೆಗೆದು ನೋಡಿ, ಅಂಚಿನ ಸುತ್ತ ಕಪ್ಪು ಗೆರೆ ಕೂತಿರುತ್ತದೆ. ಅದೇ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳುತ್ತೇವೆ ಅಲ್ವಾ? ಕವರ್ ಬಿಚ್ಚಿ ಒರೆಸುವುದು ನನಗೆ ರೂಢಿಯಾಗಿದೆ. ಮನೆಯೊಳಗೆ ಒಣ ಕಸಬರಿಗೆ ನಿಲ್ಲಿಸಿದ್ದೇವೆ. ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ನೀರಿನ ವಿಷಯ ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ. ಬಹಳ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವೇ ಆಗುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೇನೆ. ಬಳಕೆಯ ನಳದ ನೀರು ದಿನಾ ಬರುವುದಿಲ್ಲವಾದ್ದರಿಂದ ಡ್ರಮ್ಮು, ತೊಟ್ಟಿ ತುಂಬಿಡಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಲ್ಲೇ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನೂ ಕೂಲರಿನ ಟ್ಯಾಂಕನ್ನೂ ನಾರು ಹಾಕಿ ತಿಕ್ಕುತ್ತೇನೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿದ್ದೇನೆ.

ರಕ್ತ ಏರಿಸುವುದೂ ಮನೆಯ ತಯಾರಿಯೇ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ತೆಗೆದುಕೊಳ್ಳಬಾರದು. ಅದಕ್ಕೆ ಎರಡು ಡಬ್ಬಿ, ಎರಡು ಹೊತ್ತು. ಕಬ್ಬಿಣದ ಮಾತ್ರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ, ಒಂದು ಹೋಳು ನಿಂಬೆ ಹಿಂಡಿದ ನೀರಿನ ಜೊತೆ. ಒಲೆ ಮುಂದೆ ನಿಂತರೆ ಅವಳ ಕಾಲು ಬಾಯುತ್ತವೆ. ನಾನು ರೊಟ್ಟಿ ಬಡಿಯಲು ಕಲಿತೆ. ಎಸರು ಚೆನ್ನಾಗಿ ಕುದ್ದಿದ್ದರೆ ಹಿಟ್ಟು ಬಿರಿಯುವುದಿಲ್ಲ, ಗುಟ್ಟೆಲ್ಲ ಅಲ್ಲೇ ಇದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ ಅವಳಿಗೆ ಇಷ್ಟ. ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತತ್ತಿ ತಂದಿಟ್ಟಿದ್ದೇನೆ. ಕಟ್ಟುವುದು ಅತ್ತೆ ಬಂದ ಮೇಲೆ.

ತೊಟ್ಟಿಲು ನಮ್ಮ ಹಳೇ ಮನೆಯದು. ಅಜ್ಜಿ ಕಲಘಟಗಿಯ ಬಣ್ಣದ ತೊಟ್ಟಿಲ ಮಾತಾಡುತ್ತಿದ್ದಳು, ನಮ್ಮದು ಅಷ್ಟು ಚೆಂದದ್ದಲ್ಲ, ಸಾದಾ ಮರದ್ದು, ಆದರೆ ಗಟ್ಟಿ. ಪಟ್ಟಿಗಳ ನಡುವಿನ ಸಂದು ಅಳೆದೆ. ಆರು ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಕೂಸು ಜಾರಿ ಸಿಕ್ಕಿಕೊಳ್ಳಬಹುದು. ಒಂದು ಕಡೆ ಅಗಲ ಇತ್ತು, ಅಲ್ಲಿ ಇನ್ನೊಂದು ಪಟ್ಟಿ ಕೂರಿಸಿದೆ. ಮರಳು ಕಾಗದದಿಂದ ಉಜ್ಜಿ ನಯ ಮಾಡಿದೆ. ಹೊಸ ಬಣ್ಣ ಬಳಿಯಲಿಲ್ಲ, ಕೂಸು ಅಂಚು ಚೀಪುತ್ತದೆ. ಒಳಗೆ ಮೆತ್ತನೆ ಹಾಸಿಗೆ, ದಿಂಬು ಇಲ್ಲ. ಅವ್ವ ಹಳೇ ಸೀರೆಗಳಿಂದ ಹೊಲಿದ ಸಣ್ಣ ಕೌದಿಯನ್ನು ಬಿಗಿಯಾಗಿ ಹಾಸುವುದಷ್ಟೇ.

ಚಾವಣಿಯ ಕೊಂಡಿ ಪರೀಕ್ಷೆ ಮಾಡಬೇಕಿತ್ತು. ಖಾಲಿ ತೊಟ್ಟಿಲು ತೂಗಬಾರದು, ಕೂಸು ಹುಟ್ಟುವ ಮುಂಚೆ ಕಟ್ಟಲೂಬಾರದು ಎಂದು ಅವ್ವ. ಅದಕ್ಕೆ ಗಂಗಾವತಿಯ ಸೋನಾ ಮಸೂರಿ ಅಕ್ಕಿಯ 25 ಕೆ.ಜಿ. ಚೀಲವನ್ನೇ ಸರಪಳಿಗೆ ಕಟ್ಟಿ ಕೊಂಡಿಗೆ ನೇತುಹಾಕಿದೆ. ರಾತ್ರಿಯಿಡೀ ತೂಗಾಡಲು ಬಿಟ್ಟು, ಬೆಳಿಗ್ಗೆ ಟಾರ್ಚ್ ಹಿಡಿದು ಕೊಂಡಿಯ ಬುಡ ನೋಡಿದೆ. ಸಿಮೆಂಟು ಬಿರುಕು ಬಿಟ್ಟಿರಲಿಲ್ಲ. ಅಕ್ಕಿ ಚೀಲಕ್ಕೆ ಅವ್ವನ ಅಭ್ಯಂತರ ಇರಲಿಲ್ಲ. ತೊಟ್ಟಿಲು ಅಟ್ಟದ ಮೇಲಿದೆ, ಹೆಸರಿಡುವ ದಿನ ಕೆಳಗಿಳಿಯುತ್ತದೆ. ಜೊತೆ ಕೆಲಸಗಾರನೊಬ್ಬ ಕಿನ್ನಾಳದ ಬಣ್ಣದ ಗಿಳಿ ತಂದುಕೊಟ್ಟ. ಅದೂ ಸದ್ಯಕ್ಕೆ ಗೂಡಿನಲ್ಲಿ.

ಆಸ್ಪತ್ರೆಯ ಚೀಲ ಬಾಗಿಲ ಹತ್ತಿರ ಇದೆ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆ ಹತ್ತಿ ಬಟ್ಟೆ, ಕುಲಾವಿ. ಹುಟ್ಟಿದ 24 ತಾಸಿನೊಳಗೆ ಹೆಪಟೈಟಿಸ್ ಬಿ ಚುಚ್ಚುಮದ್ದು, ಜೊತೆಗೆ ಬಿಸಿಜಿ, ಪೋಲಿಯೋ ಹನಿ ಹಾಕಿಸಿದ್ದನ್ನು ಕಾರ್ಡಿನಲ್ಲಿ ಬರೆಸಿಕೊಂಡೇ ಬರಬೇಕು. ಅವಳ ರಕ್ತದ ಗುಂಪಿನವರು ನಮ್ಮ ಪ್ಲಾಂಟಿನಲ್ಲೇ ಇಬ್ಬರಿದ್ದಾರೆ, ಕರೆದರೆ ಬರುತ್ತೇವೆ ಅಂದಿದ್ದಾರೆ.

ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ನಮ್ಮಂಥ ಖಾಸಗಿಯವರಿಗೆ ಕಾನೂನಿನಲ್ಲಿ ಅದಿಲ್ಲ. ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಈ ವರ್ಷ ಹಬ್ಬಕ್ಕೂ ರಜೆ ಹಾಕದೆ ಉಳಿಸಿಕೊಂಡಿದ್ದೇನೆ. ಮೇ ತಿಂಗಳಿಗೆ ರಾತ್ರಿ ಪಾಳಿ ಬದಲಿಸಿಕೊಳ್ಳಲು ಗೆಳೆಯ ಒಪ್ಪಿದ್ದಾನೆ. ಪ್ಲಾಂಟಿನ ಒಳಗೆ ಕೆಲವು ಕಡೆ ಮೊಬೈಲ್ ಹತ್ತುವುದಿಲ್ಲ. ಅದಕ್ಕೆ 108ರ ಕೆಳಗೆ ಕಂಟ್ರೋಲ್ ರೂಮಿನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅವ್ವ ತನ್ನ ಫೋನಿನಿಂದ ಒಮ್ಮೆ ಹಚ್ಚಿ ನೋಡಿದಳು. ಆ ಕಡೆ ಎತ್ತಿದ ಹುಡುಗ ನನ್ನ ಹೆಸರು, ನಾನು ಕೆಲಸ ಮಾಡುವ ಜಾಗ ಕೇಳಿ ಬರೆದುಕೊಂಡಿದ್ದಾನೆ.